ನೀರೇರಿದಾಗಲೂ ಕಡಿಯದ ಮಾತು

ಸಮುದ್ರದ ನೀರು ದಿನವೂ ಏರಿ ಇಳಿಯುವ ಅಳಿವೆಯ ದಡದ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಸಿಗ್ನಲ್ ಮಾವ ಎಂದೇ ಕರೆಯುತ್ತಾರೆ. ತಂತಿ ಎಳೆಯಲಾಗದ ಕಡೆ ಎರಡು ಕಟ್ಟಡಗಳ ಮಾಳಿಗೆಯ ಮೇಲೆ ಎದುರುಬದುರಾಗಿ ಡಿಶ್ ನಿಲ್ಲಿಸಿ, ಗಾಳಿಯಲ್ಲೇ ನೆಟ್‌ವರ್ಕ್ ದಾಟಿಸುವುದುಂಟಲ್ಲ, ಅದಕ್ಕೆ ಲಿಂಕ್ ಎನ್ನುತ್ತಾರೆ. ಅದನ್ನು ಕಟ್ಟುವವರು ಬೇರೆ. ಕಟ್ಟಿದ್ದು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸಿ ಸಹಿ ಹಾಕುವುದು ಮಾವನ ಕೆಲಸ.

ಅವರ ಹತ್ತಿರ ಲ್ಯಾಪ್‌ಟಾಪ್ ಇದೆ, ವೇಗ ಅಳೆಯುವ ಮೀಟರ್ ಇದೆ. ಆದರೂ ಕೊನೆಯ ಪರೀಕ್ಷೆ ಹೆಂಡತಿಯ ಬಾಯಿಯಿಂದಲೇ ಆಗಬೇಕು. ಒಂದು ತುದಿಯಲ್ಲಿ ಅತ್ತೆ ಫೋನ್ ಹಿಡಿದು ಮಾತಾಡುತ್ತಿರಬೇಕು, ಇನ್ನೊಂದು ತುದಿಯಲ್ಲಿ ಮಾವ ಕೇಳುತ್ತಿರಬೇಕು. ಮೀಟರ್ ಸರಾಸರಿ ತೋರಿಸುತ್ತದೆ, ನಡುನಡುವೆ ಲಿಂಕ್ ನುಂಗಿದ್ದನ್ನು ಬಚ್ಚಿಡುತ್ತದೆ ಎಂಬುದು ಅವರ ದೂರು.

"ಮನೇಲಿ ನನ್ನ ಮಾತು ಕಿವಿಗೇ ಹಾಕ್ಕೊಳ್ಳಲ್ಲ. ಇಲ್ಲಿ ಅದನ್ನ ಕೇಳೋಕೆ ಸಂಬಳ ತಗೊಳ್ತಾರೆ" ಎನ್ನುತ್ತಾರೆ ಅತ್ತೆ.

ಈಚೆ ದಡದ ಚಿಕ್ಕ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆ ಸಿದ್ಧವಾಗಿತ್ತು, ಬಾಗಿಲು ಮಾತ್ರ ತೆರೆದಿರಲಿಲ್ಲ. ಹೊಟ್ಟೆಯೊಳಗಿನ ಮಗುವಿನ ಎದೆಬಡಿತವನ್ನು ಆಚೆ ದಡದ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಲಿಂಕ್ ಮೂಲಕ ಕೇಳಬೇಕು. ಅದು ಸರಿಹೋಗದೆ ಅಪ್ಪಣೆ ಸಿಗುವುದಿಲ್ಲ. ಅಲ್ಲಿಯವರೆಗೆ ಹೆಂಗಸರು ನೋವು ತಿನ್ನುತ್ತಲೇ ದೋಣಿ ಹತ್ತಬೇಕು. ಹಾಗೆ ಹತ್ತಿದವರ ಕೈ ಹಿಡಿದು ಕೂರುತ್ತಿದ್ದವರು ಇಲ್ಲಿನ ಸಿಸ್ಟರ್. ಆ ಕೋಣೆ ತೆರೆದರೆ ಸಾಕು ಎಂದು ಅವರು ಹರಕೆ ಹೊತ್ತವರಂತೆ ಕಾದಿದ್ದರು.

ಪರೀಕ್ಷೆಯ ದಿನ ಬೆಳಿಗ್ಗೆ ನೀರು ಇಳಿದು ಕೆಸರು ಕಾಣುತ್ತಿತ್ತು. ಮೀಟರ್ ಚೆನ್ನಾಗಿ ತೋರಿಸಿತು. ಆಚೆ ದಡದಿಂದ ಅತ್ತೆಯ ಮಾತೂ ಸ್ವಚ್ಛವಾಗಿ ಬಂತು.

"ಹಾಗಾದ್ರೆ ಸಹಿ ಹಾಕಿಬಿಡಿ ಮಾವ. ನಾಳೆನೇ ಕೋಣೆ ತೆಗೀತೀನಿ" ಎಂದರು ಸಿಸ್ಟರ್.

"ನೀರು ತುಂಬಲಿ ತಾಯಿ."

"ನೀರಿರೋದು ಕೆಳಗೆ, ಡಿಶ್ ಇರೋದು ಮಾಳಿಗೆ ಮೇಲೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಇಲ್ಲದಿದ್ರೆ ಒಳ್ಳೇದೇ. ನೋಡೋಣ."

ಕಟ್ಟಿದವರು ನೀರಿಳಿದಾಗ ಅಳೆದು ಭೇಷ್ ಅಂದುಕೊಂಡು ಹೊರಟುಹೋಗಿದ್ದರು. ಮಾವ ಹಾಗೆ ಎದ್ದು ಹೋಗುವವರಲ್ಲ. ನೀರಿನ ಎರಡು ಮುಖವನ್ನೂ ನೋಡದೆ ಅವರು ಪೆನ್ನು ತೆಗೆಯುವುದಿಲ್ಲ. ಕಾಯುವುದೂ ಒಂದು ಬಗೆಯ ಪ್ರಾರ್ಥನೆ ಎಂದು ನನಗೆ ಅನ್ನಿಸುವುದು ಅಂಥವರನ್ನು ಕಂಡಾಗ.

ಮಧ್ಯಾಹ್ನ ನೀರೇರಿತು. ಆಗ ಅತ್ತೆ ನಾದಿನಿಯ ವಿಷಯಕ್ಕೆ ಬಂದಿದ್ದರು. "ನಿಮ್ಮ ತಂಗಿ ಎರಡು ದಿನಕ್ಕೆ ಅಂತ ಬಂದೋಳು..." ಅಷ್ಟರಲ್ಲಿ ದನಿ ಕಡಿಯಿತು, ಬಂತು, ಮತ್ತೆ ಕಡಿಯಿತು.

"ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು."

"ಅಷ್ಟು ಚೆನ್ನಾಗಿ ಎರಡನೇ ಸಲ ಬೈಯೋಕೆ ಬರಲ್ಲ ನಂಗೆ."

ಸಿಸ್ಟರ್ ಮೆಟ್ಟಿಲ ಮೇಲೆ ಕುಸಿದು ಕೂತರು. "ನೀವು ಬೆಳಿಗ್ಗೆನೇ ಸಹಿ ಹಾಕಿ ಹೊರಟುಬಿಟ್ಟಿದ್ರೆ ಚೆನ್ನಾಗಿತ್ತು."

ಮಾವ ಬೇಸರಪಡಲಿಲ್ಲ. "ಹೊರಟಿದ್ದೆ ಅಂತಿಟ್ಕೊಳ್ಳಿ. ನಾಳೆ ಹೆರಿಗೆ ಹೊತ್ತಲ್ಲಿ ಬಡಿತ ನಿಂತ್ರೆ, ನಿಂತದ್ದು ಮಗುವಿಂದೋ ಲಿಂಕಿಂದೋ ಅಂತ ಆ ಡಾಕ್ಟರಮ್ಮ ಹೇಗೆ ತಿಳ್ಕೊಳ್ಬೇಕು?"

ಸಿಸ್ಟರ್ ಮೆಟ್ಟಿಲಿಂದ ಎದ್ದರು. "ಈಗೇನು ಮಾಡೋದು?"

ತುಂಬಿದ ನೀರು ಕನ್ನಡಿಯ ಹಾಗೆ. ನೇರ ಬರುವ ಸಿಗ್ನಲ್ ಜೊತೆಗೆ ನೀರಿಗೆ ಬಡಿದು ಚಿಮ್ಮಿದ್ದೂ ಬಂದು, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೆ. ಈಚೆ ಆಸ್ಪತ್ರೆಯ ಡಿಶ್ ಮಾಳಿಗೆಯ ಅಂಚಿನಲ್ಲೇ ನಿಂತಿತ್ತು. ಅದನ್ನು ಹಿಂದಕ್ಕೆ ಸರಿಸಿ, ಅಂಚಿನ ಗೋಡೆಯೇ ನೀರಿಗೆ ಮರೆಯಾಗುವಂತೆ ಮಾಡಬೇಕಿತ್ತು.

"ನನ್ನ ಮಂಡಿ ಬಗ್ಗಲ್ಲ. ನೀವೇ ಕೂತು ನೋಡಿ. ಆಚೆ ದಡದ ಡಿಶ್ ಕಾಣಬೇಕು, ನೀರು ಕಾಣಬಾರದು. ಅಂಥ ಜಾಗ ಹುಡುಕಿ."

ಸಿಸ್ಟರ್ ಸೀರೆ ಎತ್ತಿ ಸಿಕ್ಕಿಸಿಕೊಂಡು ಮಾಳಿಗೆಯ ತುಂಬ ಕುಕ್ಕರುಗಾಲಲ್ಲಿ ಸರಿದಾಡಿದರು. ನೀರಿನ ಟ್ಯಾಂಕಿನ ಪಕ್ಕಕ್ಕೆ ಬಂದಾಗ, "ಇಲ್ಲಿ, ಇಲ್ಲಿ ಒಂದು ಹನಿಯೂ ಕಾಣಲ್ಲ" ಎಂದರು. ಇಬ್ಬರೂ ಸೇರಿ ಕಂಬವನ್ನು ಅಲ್ಲಿಗೆ ಸರಿಸಿ, ಸಿಸ್ಟರ್ ಕಣ್ಣಿಟ್ಟಿದ್ದ ಎತ್ತರಕ್ಕೇ ಡಿಶ್ ಬಿಗಿದರು. ನೀರು ಇನ್ನೂ ದಡದವರೆಗೆ ತುಂಬಿತ್ತು. ಅತ್ತೆ ನಾದಿನಿಯನ್ನು ಮುಗಿಸಿ ಓರಗಿತ್ತಿಗೆ ಬಂದರು; ಒಂದಕ್ಷರವೂ ಕಡಿಯಲಿಲ್ಲ. ಮಾವ ಸಹಿ ಹಾಕಿದರು.

ಕೋಣೆ ತೆರೆದ ಮೇಲೆ ಮೊದಲು ಬಂದವಳು ಚೊಚ್ಚಲ ಬಸುರಿ. ಸಿಸ್ಟರ್ ಅವಳ ಹೊಟ್ಟೆಯ ಮೇಲೆ ಯಂತ್ರವಿಟ್ಟು ಆಚೆ ದಡದ ದನಿಗೆ ಕಾದರು.

"ಕೇಳಿಸ್ತಾ ಇದೆ. ಮಗು ಗಟ್ಟಿಯಾಗಿದೆ" ಎಂದರು ಡಾಕ್ಟರಮ್ಮ.

ಮಲಗಿದ್ದ ಹುಡುಗಿ ಸಿಸ್ಟರ್ ಮುಖ ನೋಡಿದಳು. "ನನಗೇನೂ ಭಯ ಇಲ್ಲ ಅಕ್ಕ. ನೀವ್ಯಾಕೆ ಉಸಿರು ಬಿಗಿಹಿಡಿದಿದ್ದೀರಿ?"