ಎಲ್ಲರ ಎಂಜಲಲ್ಲೂ ಇದ್ದವರು

ಮೇಷ್ಟ್ರೇ, ಬೆಳಗಾವಿಗೆ ಬಂದ ಮೊದಲ ದಿನ ಬಾಡಿಗೆ ಮನೆ ಹುಡುಕುತ್ತ ಉದ್ಯಮಬಾಗದ ಸುತ್ತ ಅಲೆದೆ. ಮೂರು ಬಾಗಿಲಲ್ಲಿ ಒಂದೇ ಪ್ರಶ್ನೆ: “ನೀವು ಯಾ ಪೈಕಿ ರೀ?” ಪೈಕಿ ಎಂದರೆ ಇಲ್ಲಿ ಜಾತಿ. ನಮ್ಮ ಕೊಳ್ಳೇಗಾಲದ ಕಡೆ ಯಾರೂ ಹೀಗೆ ಮುಖಕ್ಕೆ ಹೊಡೆದಂತೆ ಕೇಳುವುದಿಲ್ಲ. ಮನೆದೇವರು ಯಾರು, ಯಾವ ಬೀದಿ ಎಂದು ಸುತ್ತಿಬಳಸಿ ತಿಳಿದುಕೊಳ್ಳುತ್ತಾರೆ. ತಿಳಿದ ಮೇಲೆ ಮಾಡುವುದು ಮಾತ್ರ ಎರಡೂ ಕಡೆ ಒಂದೇ. ಮೂರೂ ಬಾಗಿಲು ಮುಚ್ಚಿದವು.

ನಾಲ್ಕನೆಯ ಮನೆಯ ಈರಣ್ಣನವರು ಫೌಂಡ್ರಿಯೊಂದರಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಅವರು ಕೇಳುವ ಮೊದಲೇ ನಾನು ನನ್ನ ಪೈಕಿ ಹೇಳಿಬಿಟ್ಟೆ.

“ನಾವು ಅದೆಲ್ಲಾ ನೋಡಂಗಿಲ್ರೀ. ಬರ್ರಿ, ಕುಂದರ್ರಿ,” ಎಂದು ಚಹಾ ಕೊಡಿಸಿದರು. ಮಹಡಿಯ ಕೋಣೆ ಸಿಕ್ಕಿತು. ಮುದ್ದೆ ಬಿಟ್ಟು ಜೋಳದ ರೊಟ್ಟಿ ಬಡಿಯಲು ಕಲಿಸಿದವರೂ ಅವರ ಹೆಂಡತಿಯೇ.

ನನ್ನ ಕೆಲಸ ಉಗುಳು ಸಂಗ್ರಹಿಸುವುದು. ಸಂಶೋಧನಾ ತಂಡವೊಂದಕ್ಕಾಗಿ ಖಾನಾಪುರ ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿ ಚಿಕ್ಕ ಕೊಳವೆಗಳಲ್ಲಿ ಜನರ ಉಗುಳು ತರುತ್ತೇನೆ. ಲ್ಯಾಬಿನಲ್ಲಿ ಅದರ ಡಿಎನ್‌ಎ ಓದುತ್ತಾರೆ. ಬಹಳ ಹಿಂದೆ ನಿಯಾಂಡರ್ತಾಲರೆಂಬ ಇನ್ನೊಂದು ಬಗೆಯ ಮನುಷ್ಯರಿದ್ದರು. ಆಫ್ರಿಕಾದಿಂದ ಹೊರಬಂದ ನಮ್ಮ ಪೂರ್ವಿಕರು ಅವರೊಡನೆ ಕೂಡಿ ಮಕ್ಕಳನ್ನು ಪಡೆದರು. ಅವರು ಅಳಿದುಹೋದರೂ, ನಮ್ಮೊಳಗೆ ನೂರರಲ್ಲಿ ಒಂದೆರಡು ಪಾಲಿನಷ್ಟು ಉಳಿದಿದ್ದಾರೆ.

ಬೀಡಿ ಎಂಬ ಹಳ್ಳಿಯಲ್ಲಿ ಕುರಿ ಸಾಕುವ ನಾಗವ್ವಜ್ಜಿ ಕೊಳವೆ ಹಿಡಿದುಕೊಂಡೇ ಅನುಮಾನದಿಂದ ಕೇಳಿದಳು: “ನನ್ನ ಎಂಜಲಾ ಮುಟ್ತೀಯೇನವ್ವಾ ನೀ?”

“ಅದೇ ನನ್ನ ಕೆಲಸ ಅಜ್ಜಿ,” ಎಂದು ಎಲ್ಲವನ್ನೂ ವಿವರಿಸಿದೆ.

ಅವಳು ಜೋರಾಗಿ ನಕ್ಕಳು. “ಹಂಗಾರ ಅವಾಗ ಯಾರೂ ಪೈಕಿ ಕೇಳಿಲ್ಲ ಬಿಡು! ನನ್ನೊಳಗ ಏನ್ ಐತಿ ಅಂತ ಬಂದು ಹೇಳಬೇಕ ನೋಡು.”

ಹೇಳುತ್ತೇನೆಂದು ಮಾತು ಕೊಟ್ಟೆ.

ಈರಣ್ಣನವರು ತಾವಾಗಿಯೇ ಉಗುಳು ಕೊಟ್ಟರು. “ನಮ್ಮ ಮನಿತನ ಖರೇ ಶುದ್ಧ ಐತ್ರೀ, ನೀವ ನೋಡ್ರಿ,” ಎಂದರು. ಕೆಲವು ತಿಂಗಳ ಮೇಲೆ ವರದಿ ಬಂತು. ಕಟ್ಟೆಯ ಮೇಲೆ ಕೂತು ಓದಿ, ಕುತೂಹಲದಿಂದಲೇ ಕೇಳಿದರು: “ನಿಮ್ಮದೂ ಮಾಡಿಸೀರೇನು?”

“ಮಾಡಿಸಿದ್ದೇನೆ ಸಾರ್. ನಿಯಾಂಡರ್ತಾಲರ ಪಾಲು ನನ್ನಲ್ಲೂ ನಿಮ್ಮಷ್ಟೇ ಇದೆ. ಕೆಲವು ತುಣುಕುಗಳಂತೂ ನಮ್ಮಿಬ್ಬರಲ್ಲೂ ಒಂದೇ.”

ಸಂತೋಷದ ಸುದ್ದಿಯೆಂದು ಹೇಳಿದ್ದೆ. ಅವರು ಕಾಗದ ಮಡಚಿದರು.

“ಕೊಳವಿ ಅದಲಿಬದಲಿ ಮಾಡೀರಿ ನೀವು.”

ಮರುದಿನ ನಮ್ಮ ಮುಖ್ಯಸ್ಥರಿಗೆ ದೂರು ಹೋಯಿತು. ನನ್ನ ತಪ್ಪಿಲ್ಲವೆಂದು ಮುಖ್ಯಸ್ಥರಿಗೂ ಗೊತ್ತಿತ್ತು. ಆದರೂ, “ಒಂದು ಕ್ಷಮೆ ಕೇಳಿಬಿಡಿ. ಇನ್ನೊಮ್ಮೆ ಪರೀಕ್ಷೆ ಮಾಡೋಣ,” ಎಂದರು. ವರ್ಷವರ್ಷವೂ ನವೀಕರಿಸಬೇಕಾದ ಕೆಲಸ ನನ್ನದು. ಈರಣ್ಣನವರ ಬಾಗಿಲಲ್ಲಿ ನಿಂತು ಮಾಡದ ತಪ್ಪಿಗೆ ಕ್ಷಮೆ ಕೇಳಿದೆ. ಈ ಸಲ ಉಗುಳು ತೆಗೆದುಕೊಳ್ಳಲು ಬೇರೆಯವರು ಹೋದರು. ಎರಡನೆಯ ವರದಿಯೂ ಮೊದಲಿನಂತೆಯೇ ಬಂತು. ನನ್ನ ಬಳಿ ಯಾರೂ ಕ್ಷಮೆ ಕೇಳಲಿಲ್ಲ.

ಅದೇ ವಾರ ಅವರ ಹೆಂಡತಿ ಮೆಟ್ಟಿಲ ಕೆಳಗೇ ನಿಂತು ಹೇಳಿದರು: “ಮಗಳು ಬರಾಕತ್ತಾಳ್ರಿ, ಖೋಲಿ ಬೇಕಾಗೇತಿ.” ನಾನು ಖಾಲಿ ಮಾಡಿದ ಎರಡೇ ದಿನಕ್ಕೆ ಗೇಟಿನಲ್ಲಿ ‘ಬಾಡಿಗೆಗೆ ಇದೆ’ ಎಂಬ ಹಲಗೆ ತೂಗುತ್ತಿತ್ತು.

ಈಗ ಖಾನಾಪುರದಲ್ಲಿದ್ದೇನೆ. ಅರ್ಧ ಬೀದಿ ಮರಾಠಿ, ಅರ್ಧ ಕನ್ನಡ. ಎರಡರಲ್ಲೂ ತರಕಾರಿ ಚೌಕಾಸಿ ಮಾಡಬಲ್ಲೆ. ಇಲ್ಲಿಯೂ ಪೈಕಿ ಕೇಳಿದರು. ಈ ಸಲ ಸುಳ್ಳು ಹೇಳಿದೆ. ಕೋಣೆ ಐದು ನಿಮಿಷದಲ್ಲಿ ಸಿಕ್ಕಿತು.

ಹಳ್ಳಿಯವರಿಗೆ ವರದಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಕೇಳಿ ಬರೆದುಕೊಟ್ಟವರಿಗಷ್ಟೇ. ನಾಗವ್ವಜ್ಜಿಗೆ ಬರೆಯಲು ಬರುವುದಿಲ್ಲ. ಮಾತು ಉಳಿಸಿಕೊಳ್ಳಲು ಬೀಡಿಗೆ ಹೋಗಿ, “ಎಲ್ಲರಲ್ಲೂ ಇರೋದೇ ನಿಮ್ಮಲ್ಲೂ ಇರುತ್ತೆ ಅಜ್ಜಿ,” ಎಂದೆ.

“ಇಷ್ಟ ಹೌದಿಲ್ಲೋ? ಇದು ನನಗ ಮೊದ್ಲ ಗೊತ್ತಿತ್ತು ತಗೋ,” ಎಂದು ಅವಳು ಕುರಿಗಳ ಹಿಂದೆ ನಡೆದಳು.

ಊರಿಗೆ ವಾಪಸ್ಸು ಬಾ ಎಂದು ಪ್ರತಿ ಕಾಗದದಲ್ಲೂ ನೀವು ಬರೆಯುತ್ತೀರಿ, ಮೇಷ್ಟ್ರೇ. ಅಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ, ನಿಜ. ನಮ್ಮ ಬೀದಿ ಊರಾಚೆಗಿದೆ ಎಂಬುದು ಎಲ್ಲರಿಗೂ ಗೊತ್ತಲ್ಲ.

ಕಳೆದ ವಾರ ಅವ್ವ ಫೋನ್ ಮಾಡಿದಳು. “ಯಾವಾಗವ್ವ ಬತ್ತೀಯ?”

“ಹಬ್ಬಕ್ಕ ಬರ್ತೀನ್ರೀ,” ಎಂದೆ.



“ಯಾರ್ಗವ್ವ ರೀ ಅಂತಿದ್ದೀಯ? ನಾನು ಕನವ್ವ.”