ಅಳುವ ಮುಖ ಒತ್ತಿದ ಮೇಲೆ

ಪುಟ್ಟೀ, ಅಪ್ಪೂ, ನೀವು ಮೊಬೈಲಿನಲ್ಲಿ ನಗುವ ಮುಖ ಕಳಿಸಿದಾಗ ನಾನು ತಿರುಗಿ ಕಳಿಸುವುದಿಲ್ಲ. ಅಜ್ಜಿಗೆ ಒತ್ತಲು ಬರುವುದಿಲ್ಲ ಎಂದುಕೊಂಡಿದ್ದೀರಿ. ಬರುತ್ತದೆ. ಒಮ್ಮೆ ಒತ್ತಿದ್ದಕ್ಕೆ ಏನಾಯಿತು ಎಂಬುದನ್ನು ಎದುರು ಕೂತು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಹಾನಗಲ್ಲಿನ ಹೊರಗಿರುವ ಬೀಜದ ಕಂಪನಿಗೆ ಹೋಗುತ್ತಿದ್ದೆ. ಗೋವಿನಜೋಳದ ಬೀಜದಲ್ಲಿ ಒಡೆದದ್ದು, ಹುಳ ಹಿಡಿದದ್ದು ಆರಿಸಿ ತೆಗೆಯುವುದು ಕೆಲಸ. ನಮ್ಮೂರು ತಿಳವಳ್ಳಿಯ ಹೆಂಗಸರೆಲ್ಲ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುತ್ತಿದ್ದೆವು. ಮೊದಲು ಕಂಪನಿ ಊರಿನವರದೇ ಇತ್ತು. ಆಮೇಲೆ ಯಾರೋ ದೊಡ್ಡವರು ಕೊಂಡರು. ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಾಗಿಲಿಗೆ ಬಂತು. ಮುಂಜಾನೆ ಸಾಲಾಗಿ ನಿಂತು ಚಪ್ಪಾಳೆ ತಟ್ಟಬೇಕಾಯಿತು. ‘ನಾವೆಲ್ಲ ಒಂದೇ ಕುಟುಂಬ’ ಎಂದು ಗೋಡೆಗೆ ಬರೆಸಿದರು. ಯಾವ ಮನೆಯವರೂ ಹೀಗೆ ಗೋಡೆಗೆ ಬರೆಸಿಕೊಂಡದ್ದನ್ನು ನಾನು ಕಂಡಿರಲಿಲ್ಲ. ನನ್ನ ಸಂಶಯ ಅಲ್ಲಿಂದಲೇ ಶುರು.

ಕೆಲವೇ ದಿನಕ್ಕೆ ಸಂಜೆ ಬಿಡುವ ಹೊತ್ತನ್ನು ಅರ್ಧ ತಾಸು ಮುಂದಕ್ಕೆ ಹಾಕಿದರು. ನಾವು ರಸ್ತೆಗೆ ಬರುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಮುಂದಿನ ಬಸ್ಸು ಕತ್ತಲಾದ ಮೇಲೆ. ನಾನೇ ಕೈ ಹಾಕದಿದ್ದರೆ ನಮ್ಮ ಎಮ್ಮೆ ಹಾಲು ಬಿಡುತ್ತಿರಲಿಲ್ಲ. ನನ್ನ ಪಕ್ಕ ಕೂಡುತ್ತಿದ್ದ ಗೆಳತಿಯ ಅತ್ತೆ ಹಾಸಿಗೆ ಹಿಡಿದಿದ್ದರು. ಎಲ್ಲರಿಗೂ ಆ ಮೊದಲಿನ ಬಸ್ಸೇ ಬೇಕಿತ್ತು.

ಆಗ ಸವಣೂರಿನ ಸೂಪರ್‌ವೈಜರ್ ಕಂಪನಿಯ ಫೋನು ಹಿಡಿದು ಬಂದ.

“ಯಾರ ಹೆಸರೂ ಬರೂದಿಲ್ರಿ. ಕೆಲಸದಾಗ ಆರಾಮ ಅದೀರೋ ಇಲ್ಲೋ, ಒಂದು ಮುಖ ಒತ್ರಿ. ಮುಗೀತು.”

ನಮ್ಮ ಕಡೆ ಯಾರಾದರೂ ಆರಾಮವೇ ಎಂದು ಕೇಳಿದರೆ, ಮೈಯಲ್ಲಿ ಜ್ವರವಿದ್ದರೂ ಆರಾಮ ಎನ್ನುವುದು ರೂಢಿ. ಎಲ್ಲರೂ ನಗುವ ಮುಖ ಒತ್ತಿದರು. ನನ್ನ ಗೆಳತಿಯೂ ಒತ್ತಿದಳು.

“ನಿನ್ನೆ ಬಸ್ಸು ತಪ್ಪಿತಂತ ಅಳತಿದ್ದೆಲ್ಲಬೇ?” ಎಂದು ಮೆಲ್ಲಗೆ ಕೇಳಿದೆ.

“ಅದು ಬ್ಯಾರೆ. ಆರಾಮೇನು ಅಂತ ಕೇಳಿದ್ರ ಯಾರರ ಇಲ್ಲ ಅಂತಾರನಬೇ?” ಅಂದಳು.

ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಆದರೆ ಬೆರಳಿಗೆ ದನಿ ಬೇಕಿಲ್ಲವಲ್ಲ. ಅಳುವ ಮುಖ ಒತ್ತಿ ಫೋನು ಕೊಟ್ಟುಬಿಟ್ಟೆ.

ಮರುದಿನ ಮುಂಜಾನೆ ಸೂಪರ್‌ವೈಜರ್, “ಏನ್ರಿ ಅವ್ವಾರ, ಚಾ ಆತ್ರಿ?” ಎಂದ. ಅಲ್ಲಿಯವರೆಗೆ ಅವನು ನನ್ನನ್ನು ಏನೂ ಕೇಳಿದವನಲ್ಲ. ಆಮೇಲೆ ಚೀಲಗಳ ಹಿಂದೆ ಕರೆದು ದನಿ ತಗ್ಗಿಸಿದ. “ನೀವು ಹಳಬರು. ಇವತ್ತಿಂದ ನೀವೊಬ್ರು ಬಸ್ಸಿನ ಹೊತ್ತಿಗೆ ಹೋಗ್ರಿ. ಯಾರಿಗೂ ಹೇಳಬ್ಯಾಡ್ರಿ.”

ಹೆಸರು ಬರುವುದಿಲ್ಲ ಎಂದಿದ್ದೆಯಲ್ಲಪ್ಪ ಎಂದು ಕೇಳಬೇಕೆನಿಸಿತು. ಅವನು ಮಾತು ಮುಗಿಸಿ ಮೇಲೆ ಗೋಡೆಗೆ ಹಾಕಿದ್ದ ಕ್ಯಾಮರಾ ಕಡೆ ನೋಡಿದ. ಅವನಿಗೂ ಯಾರದೋ ಅಂಜಿಕೆ ಇದ್ದೀತು, ನನಗೆ ತಿಳಿಯಲಿಲ್ಲ.

ಅಂದು ಬಸ್ಸು ಸಿಕ್ಕಿತು, ಎಮ್ಮೆ ಹಾಲು ಕೊಟ್ಟಿತು. ಖುಷಿಯಾಗಲಿಲ್ಲ ಎಂದರೆ ಸುಳ್ಳು. ಆದರೆ ನಾನೊಬ್ಬಳೇ ಎದ್ದು ಹೋದದ್ದನ್ನು ಎಲ್ಲರೂ ನೋಡಿದ್ದರು. ಮರುದಿನ ಮಧ್ಯಾಹ್ನ ನನ್ನ ಬುತ್ತಿಗೆ ಯಾರೂ ಕೈ ಹಾಕಲಿಲ್ಲ. ನಾನಿಟ್ಟ ಶೇಂಗಾ ಚಟ್ನಿ ಇಟ್ಟಲ್ಲೇ ಉಳಿಯಿತು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು.

“ಸಣ್ಣಗ ಮಾತಾಡ್ರೆಬೇ, ಸಾಹೇಬ್ರ ಕಡ್ಯಾರು ಬಂದ್ರು,” ಎಂದಳು ಗೆಳತಿ, ನನಗೆ ಕೇಳುವಂತೆಯೇ.

ಕಂಪನಿ ನಮ್ಮನ್ನು ಕದ್ದು ನೋಡುತ್ತದೆ ಎಂದು ನಾನು ಸಂಶಯಪಟ್ಟಿದ್ದೆ. ಈಗ ಅವರು ನನ್ನನ್ನೇ ಚಾಡಿಕೋರಳು ಎಂದುಕೊಂಡಿದ್ದರು. ಬಸ್ಸಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನಮ್ಮನ್ನು ಹೀಗೆ ಒಡೆಯಲೆಂದೇ ನನ್ನೊಬ್ಬಳನ್ನು ಮೊದಲು ಬಿಟ್ಟರೇನೋ ಎಂದು ಅನಿಸಿದ್ದು ಆಗಲೇ.

ಆ ಸಂಜೆ ಸೂಪರ್‌ವೈಜರ್ ಕಣ್ಣಿನಲ್ಲೇ ಸನ್ನೆ ಮಾಡಿದ. ನಾನು ಏಳಲಿಲ್ಲ.

“ಹೊತ್ತಾತು, ಏಳ್ರಿ ಅವ್ವಾರ.”

ಬೀಜ ಆರಿಸುವ ಕೈಗಳೆಲ್ಲ ನಿಂತವು. ಎಲ್ಲರಿಗೂ ಕೇಳುವಂತೆ ಹೇಳಿದೆ: “ಬಸ್ಸು ನನ್ನೊಬ್ಬಾಕೀದಲ್ರಿ. ಬಿಟ್ರ ಎಲ್ಲಾರ್ನೂ ಬಿಡ್ರಿ. ಅಳೂ ಮುಖ ಒತ್ತಿದಾಕಿ ನಾನ.”

ಗೆಳತಿಯೇ ಮೊದಲು ನಕ್ಕಳು. “ಅಯ್ಯ, ಅದಕ್ಕೇನ ನಿನಗ ಅಷ್ಟು ಪ್ರೀತಿಲೆ ಚಾ ಕೇಳಿದ್ದು!”

ಬಸ್ಸು ತಪ್ಪಿತು. ಕತ್ತಲಾಗುವವರೆಗೂ ಎಲ್ಲರೂ ರಸ್ತೆಯಲ್ಲಿ ನಿಂತೆವು.

ಮುಂದೊಮ್ಮೆ ಫೋನು ತಿರುಗಿ ಬಂದಾಗ ಒಬ್ಬರೂ ಬಿಡದೆ ಅಳುವ ಮುಖ ಒತ್ತಿದರು. ಕೆಲವು ದಿನಗಳಲ್ಲಿ ಬಿಡುವ ಹೊತ್ತು ಮೊದಲಿನಂತಾಯಿತು, ಆದರೆ ಸಂಜೆಯ ಚಹಾದ ಬಿಡುವು ಹೋಯಿತು. ನಮ್ಮ ಬೆರಳಿಗೆ ಅಂಜಿದರೋ, ಲೆಕ್ಕ ಹಾಕಿ ಚಹಾ ಉಳಿಸಿಕೊಂಡರೋ, ಇಂದಿಗೂ ನನಗೆ ತಿಳಿದಿಲ್ಲ. ಆ ಫೋನು ಮಾತ್ರ ಮತ್ತೆ ಬರಲಿಲ್ಲ.

ಈ ಹಾಳೆಗಳ ಫೋಟೋ ತೆಗೆದು ಮೊಬೈಲಿಗೆ ಹಾಕಬೇಡಿ, ಅದು ಯಾರಿಗೆ ಹೇಳುತ್ತದೋ ಗೊತ್ತಿಲ್ಲ. ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ನೀರು ತಾಗದಂತೆ ಜೋಪಾನವಾಗಿಡಿ.