ಕಟ್ಟಿ ಬಿಟ್ಟ ಗೆಳತಿಯರು

ನಾನು ಬಾಯಿ ತೆರೆದ ಕೂಡಲೇ ತರಗತಿಯ ಮಕ್ಕಳೆಲ್ಲ ನಕ್ಕುಬಿಟ್ಟರು. ಆಡಿದ್ದು ಕನ್ನಡವೇ, ಮಂಡ್ಯದ ಕನ್ನಡ. ಹುಟ್ಟಿದಾಗಿನಿಂದ ಆಡಿದ ಮಾತೇ ನನ್ನನ್ನು ಹೊರಗಿನವಳನ್ನಾಗಿ ಮಾಡಬಹುದೆಂದು ಆ ಬೆಳಗ್ಗೆ ಗೊತ್ತಾಯಿತು.

ಗೋಕಾಕ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಶಿಕ್ಷಕಿಯಾಗಿ ಬಂದು ಎರಡು ವರ್ಷವಾಯಿತು. ಗಂಡ ಮಂಡ್ಯದಲ್ಲೇ ಉಳಿದರು. ಹತ್ತಿರದ ಅಂಕಲಗಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಮಗಳು ಇಂಚರಳನ್ನು ನನ್ನದೇ ತರಗತಿಗೆ ಸೇರಿಸಿಕೊಂಡೆ. ಮುದ್ದೆ ಉಂಡು ಬೆಳೆದವರು ಜೋಳದ ರೊಟ್ಟಿಗೆ ಬೇಗ ಒಗ್ಗಿದೆವು. ಮಾತಿಗೆ ಒಗ್ಗುವುದೇ ಕಷ್ಟವಾಯಿತು. ಸಂಜೆ ಬಸ್ಸಿಳಿಯುವಾಗ ಯಾರೊಡನೆಯೂ ಮಾತಾಡುವ ತ್ರಾಣ ಇರುತ್ತಿರಲಿಲ್ಲ, ಇಂಚರಳೊಡನೆಯೂ.

ಅವಳಿಗೆ ಮೊದಲು ಗೆಳತಿಯಾದವಳು ಭಾಗ್ಯ. ಅಲ್ಲಿಯವರೆಗೆ ಭಾಗ್ಯಳ ಪಕ್ಕ ಕೂರುತ್ತಿದ್ದವಳು ಸವಿತಾ. ಒಂದು ದಿನ ಊಟದ ಬಿಡುವಿನಲ್ಲಿ ಸವಿತಾ ಇಂಚರಳ ಚಿತ್ರದ ಪುಸ್ತಕವನ್ನು ಹರಿದುಹಾಕಿದಳು. ಸವಿತಾ ಭಾಗ್ಯಳ ಸಂಗಡ ‘ಕಟ್ಟಿ’ ಬಿಟ್ಟಿದ್ದಾಳೆಂದು ಮಕ್ಕಳು ಹೇಳಿದರು. ನಮ್ಮ ಕಡೆ ‘ಟೂ ಬಿಡುವುದು’ ಅನ್ನುತ್ತೇವಲ್ಲ, ಅದು. ಕಾರಣ ಕೇಳುವ ತಾಳ್ಮೆ ನನಗಿರಲಿಲ್ಲ. ಹರಿದದ್ದು ನನ್ನ ಮಗಳ ಪುಸ್ತಕ. ಎಲ್ಲರೆದುರು ಸವಿತಾಳನ್ನು ಹೊಟ್ಟೆಕಿಚ್ಚಿನ ಹುಡುಗಿ ಎಂದು ಬೈದುಬಿಟ್ಟೆ. ನನ್ನ ಬೇರೆ ಮಾತು ತಿಳಿಯದಿದ್ದರೂ ಈ ಮಾತು ಅವಳಿಗೆ ಚೆನ್ನಾಗಿ ತಿಳಿಯಿತು. ಮರುದಿನದಿಂದ ಶಾಲೆಗೆ ಬರಲಿಲ್ಲ.

ಆರನೆಯ ದಿನ ಅವಳ ಮನೆಗೆ ಹೋದೆ. ತಂದೆತಾಯಿ ಕಬ್ಬು ಕಡಿಯಲು ಕೊಲ್ಹಾಪುರದ ಕಡೆ ಹೋಗಿದ್ದರು. ಮನೆಯಲ್ಲಿದ್ದವರು ಅಜ್ಜಿ, ಇಲ್ಲಿಯವರ ಮಾತಿನಲ್ಲಿ ಆಯಿ. ಮೊಮ್ಮಗಳನ್ನು ಶಾಲೆ ಬಿಡಿಸಿ ತಮ್ಮೊಂದಿಗೆ ಕಳೆ ತೆಗೆಯಲು ಕರೆದೊಯ್ಯುವ ಯೋಚನೆಯಲ್ಲಿದ್ದರು. ನನಗೆ ಚಹಾ ಮಾಡಿಕೊಟ್ಟರು. ನಾನು ಬೈದ ವಿಷಯವನ್ನು ಎತ್ತಲೇ ಇಲ್ಲ. ಅದೇ ಹೆಚ್ಚು ನಾಟಿತು.

ಸವಿತಾಳ ಪಕ್ಕ ನೆಲದ ಮೇಲೆ ಕೂತು, ಅವತ್ತು ಅಷ್ಟೊಂದು ಸಿಟ್ಟು ಏಕೆ ಬಂತೆಂದು ಕೇಳಿದೆ.

“ಸಿಟ್ಟ ಬಂದಿದ್ದಿಲ್ರಿ ಟೀಚರ್. ಅಂಜಿಕಿ ಬಂದಿತ್ರಿ. ಅವ್ವನೂ ಹ್ವಾದ್ಲು, ಭಾಗ್ಯಾನೂ ಹೊಂಟ್ಲು.”

ಅಂಜಿಕಿ ಎಂದರೆ ಹೆದರಿಕೆ. ಒಂಟಿಯಾಗುವ ಹೆದರಿಕೆ ಪುಸ್ತಕ ಹರಿಯುವ ಕೈಯಾಗಿತ್ತು. ನನ್ನ ಹೆದರಿಕೆ ಬೈಯುವ ಬಾಯಿಯಾಗಿತ್ತು.

“ನನಗೂ ಇಲ್ಲಿ ಅಂಜಿಕಿ ಐತಿ,” ಅಂದೆ, ಅವಳ ಮಾತಿನಲ್ಲೇ. “ನಿನ್ನ ಬೈದದ್ದು ನನ್ನ ತಪ್ಪು.”

ಆಯಿ ಇಬ್ಬರನ್ನೂ ನೋಡಿದರು. “ನಾಳಿ ಕಳಸ್ತೇನ್ರಿ,” ಅಂದರು.

ಮರುದಿನ ಆ ತಪ್ಪನ್ನು ತರಗತಿಯೆದುರೂ ಒಪ್ಪಿಕೊಂಡೆ. ಹುಡುಗಿಯರು ಅಂದೇ ಒಂದಾಗಲಿಲ್ಲ. ಸವಿತಾಳನ್ನು ಮಾತಾಡಿಸಲು ಇಂಚರಳಿಗೆ ವಾರಗಳೇ ಬೇಕಾದವು, ನಾನು ಒತ್ತಾಯಿಸಲಿಲ್ಲ. ಈಗ ಪ್ರತಿದಿನ ಪಾಠಕ್ಕೆ ಮುಂಚೆ ಮಕ್ಕಳಿಗೆ ಮನಸ್ಸು ಹೇಗಿದೆ ಎಂದು ಕೇಳುತ್ತೇನೆ. ಕೆಲವು ದಿನ ಉತ್ತರ ಕೇಳಿಸಿಕೊಳ್ಳುವಷ್ಟೂ ಶಕ್ತಿ ಇರುವುದಿಲ್ಲ. ಆದರೂ ಕೇಳುತ್ತೇನೆ.

ಈ ಬೇಸಿಗೆ ರಜೆಯಲ್ಲಿ ಮಂಡ್ಯಕ್ಕೆ ಹೋಗಿದ್ದೆವು. ಹತ್ತನೆಯ ದಿನ ಇಂಚರ ಮುಖ ಊದಿಸಿಕೊಂಡು ಕೂತಿದ್ದಳು. ಏನಾಯಿತೆಂದು ನನ್ನ ಅಮ್ಮ ಕೇಳಿದರು.

“ಬ್ಯಾಸರಾಗೈತಿ. ನಮ್ಮೂರಿಗೆ ಹೋಗೂಣು.”

“ಇದೇ ಅಲ್ವೇನವ್ವ ನಿಮ್ಮೂರು?” ಅಂದರು ಅಮ್ಮ.

ಇಬ್ಬರೂ ನನ್ನ ಮುಖ ನೋಡಿದರು. ಮಂಡ್ಯಕ್ಕೆ ವರ್ಗಾವಣೆ ಕೋರುವ ಅರ್ಜಿ ನನ್ನ ಚೀಲದಲ್ಲಿತ್ತು. ಸಹಿ ಇನ್ನೂ ಹಾಕಿರಲಿಲ್ಲ.